ಕಾಶಿಯಲ್ಲಿ ಬಿಟ್ಟ ಮಾತ್ರೆ

ದಶಾಶ್ವಮೇಧ ಘಾಟಿನ ಮೆಟ್ಟಿಲ ಮೇಲೆ ರಿಪ್ಪನ್‌ಪೇಟೆಯ ಯಾತ್ರಿಕರು ಸೇರಿ ಸೀತಾರಾಮಪ್ಪನಿಂದ ಅವನ ಹೃದಯದ ಮಾತ್ರೆಯನ್ನು ಬಿಡಿಸಿದರು.

ಕಾಶಿಗೆ ಹೋದವರು ತಮಗಿಷ್ಟವಾದ ಒಂದನ್ನು ಅಲ್ಲೇ ಬಿಟ್ಟು ಬರಬೇಕೆಂಬುದು ರೂಢಿ. ಯಾತ್ರೆಯ ಮುಂದಾಳು ಗಣೇಶಮೂರ್ತಿ ಭಟ್ಟರು ಸೊಂಟದ ಮಟ್ಟ ನೀರಿಗಿಳಿದು, ಮೂರು ಸಲ ಮುಳುಗಿ, ಹಲಸಿನ ಹಣ್ಣು ಬಿಟ್ಟರು. ಸಕ್ಕರೆ ಕಾಯಿಲೆಯ ದೆಸೆಯಿಂದ ಅದನ್ನು ಡಾಕ್ಟರು ಯಾವತ್ತೋ ಬಿಡಿಸಿಯಾಗಿತ್ತು. ಆಮೇಲೆ ಸೀತಾರಾಮಪ್ಪನ ಪಕ್ಕದ ಮನೆಯ, ದಿನಸಿ ಅಂಗಡಿಯ ಮಂಜುನಾಥಪ್ಪ ಸುವರ್ಣಗೆಡ್ಡೆ ಬಿಟ್ಟ. ಅದನ್ನು ತಿಂದರೆ ಅವನಿಗೆ ಗಂಟಲು ತುರಿಸುತ್ತಿತ್ತು. ಉಳ್ಳವರ ತ್ಯಾಗವೆಲ್ಲ ಇದೇ ತರಹದ್ದು: ಬೇಡವಾದದ್ದನ್ನು ದೇವರ ಲೆಕ್ಕಕ್ಕೆ ಬರೆದು ಪುಣ್ಯ ಕಟ್ಟಿಕೊಳ್ಳುತ್ತಾರೆ. ಇಲ್ಲದವನ ಸರದಿ ಬಂದಾಗ ಮಾತ್ರ ಶಾಸ್ತ್ರಕ್ಕೆ ಕಣ್ಣು ಚುರುಕಾಗುತ್ತದೆ.

ಸೀತಾರಾಮಪ್ಪನ ಸರದಿ ಬಂದಾಗ ಎಲ್ಲರ ಕಣ್ಣೂ ಅವನ ಉಬ್ಬಿದ ಕೆನ್ನೆಯ ಮೇಲೆ ನೆಟ್ಟವು. ಅದರೊಳಗೆ ಕವಳವಿತ್ತು.

"ಕವಳ ಬಿಡು ಮಾರಾಯಾ. ಅದಕ್ಕಿಂತ ನಿಂಗೆ ಇಷ್ಟದ್ದು ಮತ್ತೆಂತ ಉಂಟು?" ಎಂದರು ಭಟ್ಟರು.

ಸೀತಾರಾಮಪ್ಪ ಬೆಚ್ಚಿಬಿದ್ದ. ಎಲೆ, ಅಡಿಕೆ, ಸುಣ್ಣ, ಚೂರು ಹೊಗೆಸೊಪ್ಪು: ಅವನ ಬದುಕು ನಿಂತದ್ದೇ ಈ ನಾಲ್ಕು ಕಂಬದ ಮೇಲೆ. ದವಡೆ ಹಲ್ಲು ಹೋದ ಮೇಲೂ ಕವಳ ಬಿಟ್ಟಿರಲಿಲ್ಲ. ಹೆಂಡತಿ ಗುತ್ಯಮ್ಮ ದಿನಾ ಕುಟ್ಟಾಣಿಯಲ್ಲಿ ಕುಟ್ಟಿ ಕೊಡುತ್ತಿದ್ದಳು.

"ಅದೊಂದು ಬಿಟ್ಟು ಬೇರೆ ಏನ್ ಹೇಳಿದ್ರೂ ಬಿಡ್ತೀನಿ ಭಟ್ರೇ" ಎಂದು ಕೈಮುಗಿದ.

ಆಗ ಮಂಜುನಾಥಪ್ಪನ ತಲೆ ಓಡಿತು. "ದಿನಾ ಬೆಳಗಾದ್ರೆ ತಪ್ಪದೆ ಬಾಯಿಗೆ ಹಾಕ್ಕೊಳ್ಳೋದು ಇನ್ನೊಂದ್ ಐತಲ್ಲ, ಮಾತ್ರೆ! ಅದನ್ನೇ ಬಿಡು ಮತ್ತೆ. ಬಿಪಿನೂ ಸರಿಯಾಗೈತೆ, ಎದೆನೂ ಸರಿಯಾಗೈತೆ. ಸರಿಯಾದ್ಮೇಲೂ ಮಾತ್ರೆ ನುಂಗೋದು ಅಂದ್ರೆ ಊರು ಬಂದ್ಮೇಲೂ ಬಸ್ಸಲ್ಲೇ ಕೂತಂಗೆ."

ಈ ಮಾತು ಸೀತಾರಾಮಪ್ಪನಿಗೆ ನೇರವಾಗಿ ತಾಗಿತು. ಅವನು ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟ. "ಹೊಸನಗ್ರ ಹೊಸನಗ್ರ, ತೀರ್ಥಳ್ಳಿ ತೀರ್ಥಳ್ಳಿ" ಎಂದು ಕೂಗಿ ಕೂಗಿ ಗಂಟಲು ಹರಿದುಕೊಂಡವನು. ಊರು ಬಂದ ಮೇಲೂ ಇಳಿಯದೆ ಕೂತವರನ್ನು ಅವನು ಜನ್ಮದಲ್ಲಿ ಕ್ಷಮಿಸಿರಲಿಲ್ಲ. ಕವಳ ಉಳಿಸಿಕೊಟ್ಟ ಮಂಜುನಾಥಪ್ಪನನ್ನು ದೇವರಂತೆ ನೋಡಿದ. ಮಾತ್ರೆಯ ಪಟ್ಟಿಗಳೆಲ್ಲ ಗುತ್ಯಮ್ಮನ ಸೆರಗಿನ ಗಂಟಿನಲ್ಲಿದ್ದವು.

"ಗಂಗೆಗೆ ಹಾಕೇ ಅವನ್ನ" ಎಂದ.

"ಹ್ಞೂಂ" ಎಂದಳು ಗುತ್ಯಮ್ಮ. ಬಗ್ಗಿ ಏನೋ ಎಸೆದಳು. ನೀರು ಗುಳುಂ ಎಂದಿತು.

ಊರಿಗೆ ಬಂದು ವಾರವಾಗುತ್ತ ಬಂತು. ಸೀತಾರಾಮಪ್ಪನಿಗೆ ಏನೂ ಆಗಲಿಲ್ಲ. ಎದೆಯಲ್ಲಿ ನೋವಿಲ್ಲ, ಉಬ್ಬಸವಿಲ್ಲ. ಬೆಳಿಗ್ಗೆದ್ದು ಕುಟ್ಟಿದ ಕವಳ ಬಾಯಿಗಿಟ್ಟುಕೊಂಡರೆ ಮೊದಲಿನಂತೆಯೇ ಆರಾಮ. ಕಳೆದುಹೋದದ್ದು ಒಂದೇ, ಅವನ ಅಪ್ಪನ ಕಾಲದ ಹಿತ್ತಾಳೆಯ ಸುಣ್ಣದ ಡಬ್ಬಿ. ಯಾತ್ರೆಯಲ್ಲಿ ಎಲ್ಲೋ ಬಿದ್ದಿರಬೇಕೆಂದು ಚೀಲವನ್ನೆಲ್ಲ ತಿರುವಿಹಾಕಿ ನಿಟ್ಟುಸಿರುಬಿಟ್ಟಿದ್ದ. ಗುತ್ಯಮ್ಮ ಪ್ಲಾಸ್ಟಿಕ್ ಮುಚ್ಚಳದಲ್ಲಿ ಸುಣ್ಣ ಇಟ್ಟುಕೊಟ್ಟಿದ್ದಳು.

"ಗಂಗಮ್ಮನ ಮಹಿಮೆ" ಎಂದು ಭಟ್ಟರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸಾರಿದರು. "ನಮ್ಮ ಐಡಿಯಾ" ಎಂದು ಮಂಜುನಾಥಪ್ಪ ಅಂಗಡಿಯ ಗಿರಾಕಿಗಳಿಗೆಲ್ಲ ಹೇಳಿದ. ಸೀತಾರಾಮಪ್ಪ ಇಬ್ಬರಿಗೂ ಕೈಮುಗಿದ. ಕೈಮುಗಿಯುವುದು ಅವನ ಸ್ವಭಾವ. ಹಿಂದೊಮ್ಮೆ ಎದೆ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲೇ ಕುಸಿದವನನ್ನು ಜನ ಎತ್ತಿ ಉಳಿಸಿದ್ದರು. ಅಂದಿನಿಂದ ಅವನಿಗೆ ಊರಿಗೆ ಊರೇ ದೇವಸ್ಥಾನ. ಯಾರು ಏನು ಕೊಟ್ಟರೂ ಎರಡು ಕೈಯೊಡ್ಡಿ ತಗೊಳ್ಳುವವನೇ ಹೊರತು 'ಬೇಡ' ಎನ್ನುವ ಮಾತು ಅವನ ಬಾಯಿಂದ ಹೊರಟದ್ದಿಲ್ಲ. ಮುಂದೆ ಪೂಜೆಯ ದಿನ ಅವನನ್ನು ಮಲಗಿಸಿದ್ದು ಈ ಒಳ್ಳೆಯತನವೇ.

ಆ ದಿನ ಅವನ ಮನೆಯಲ್ಲಿ ಗಂಗಾ ಸಮಾರಾಧನೆ. ಕಾಶಿಯಿಂದ ತಂದ ಗಂಗೆಯ ತಂಬಿಗೆಯನ್ನು ಪೂಜಿಸಿ, ನೆಂಟರಿಷ್ಟರಿಗೆ ಊಟ ಹಾಕಬೇಕು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಶಾಮಿಯಾನ ಎದ್ದಿತ್ತು. ಪಾಯಸದ ಕಡಾಯಿ ಒಲೆಯೇರಿತ್ತು. ಗುತ್ಯಮ್ಮ ಎಂದಿನಂತೆ ಕವಳ ಕುಟ್ಟಿ ಗಂಡನ ಅಂಗೈಗಿಟ್ಟು ಒಳಗೆ ಹೋದಳು.

ಮಂಡಗದ್ದೆಯಿಂದ ಅಕ್ಕ ಕನ್ನಮ್ಮ ಬಂದಳು. ಬಂದವಳು ಕೂತು ನೀರು ಕುಡಿಯುವ ಮೊದಲೇ ಕೇಳಿದಳು: "ಏನು ಬಿಟ್ಟು ಬಂದ್ಯೋ ತಮ್ಮಾ?"

"ಮಾತ್ರೆ" ಎಂದ ಸೀತಾರಾಮಪ್ಪ, ಎದೆಯುಬ್ಬಿಸಿ.

"ನೀನೇನು ಬಿಟ್ಯೇ ಗುತ್ಯಮ್ಮ?"

ಗುತ್ಯಮ್ಮ ಬಾಯಿ ತೆರೆಯುವಷ್ಟರಲ್ಲಿ ಸೀತಾರಾಮಪ್ಪನೇ ಉತ್ತರಿಸಿದ: "ಅವಳೇನು ಬಿಡ್ತಾಳೆ, ಹಾಗಲಕಾಯಿ ಬಿಟ್ಟಿರ್ಬೇಕು." ಗುತ್ಯಮ್ಮ ಸಣ್ಣಗೆ ನಕ್ಕು ಪಾಯಸ ತಿರುವಲು ಹೋದಳು.

ಅಷ್ಟರಲ್ಲಿ ಕನ್ನಮ್ಮನ ತಲೆಗೆ ತಮ್ಮ ಹೇಳಿದ್ದು ಇಳಿಯಿತು. "ಮಾತ್ರೆ ಅಂದ್ರೆ ಎದೆ ಮಾತ್ರೆನೇನೋ? ಅಯ್ಯೋ ನನ್ ಕರ್ಮವೇ! ನಮ್ಮೂರಲ್ಲಿ ಒಬ್ರು ಹಿಂಗೇ ಬಿಪಿ ಮಾತ್ರೆ ಬಿಟ್ಟು, ನಾಲ್ಕ್ ದಿನ ಆರಾಮಾಗೇ ಓಡಾಡಿ, ಐದ್ನೇ ದಿನ ಅಂಗಳದಲ್ಲಿ ಬಿದ್ರು. ಏಳ್ಲೇ ಇಲ್ಲ!"

ಸೀತಾರಾಮಪ್ಪನ ಎದೆ ಧಸಕ್ಕೆಂದಿತು. ಅಲ್ಲಿಯವರೆಗೆ ಸದ್ದಿಲ್ಲದೆ ಓಡುತ್ತಿದ್ದ ಹೃದಯ, ಸೈಲೆನ್ಸರ್ ಕಳಚಿದ ಬಸ್ಸಿನಂತೆ ದಡಬಡ ಎನ್ನತೊಡಗಿತು. "ಈಗೇನು ಮಾಡ್ಲಿ ಅಕ್ಕಾ? ಗಂಗೇಲಿ ನಿಂತು ಬಿಟ್ಟಿದ್ದು. ಮತ್ತೆ ಹಿಡಿಯಂಗಿಲ್ವಲ್ಲ."

ಕನ್ನಮ್ಮ ಸೊಂಟದ ಚೀಲ ಬಿಚ್ಚಿದಳು. ಅದರಲ್ಲಿ ಅವಳ ಬಿಪಿ ಮಾತ್ರೆಯಿತ್ತು. "ನೀನು ಬಿಟ್ಟಿದ್ದು ನಿನ್ ಮಾತ್ರೆನ. ಇದು ನನ್ ಮಾತ್ರೆ. ಗಂಗಮ್ಮ ಏನು ಕುರುಡಿನಾ, ಇಷ್ಟೂ ತಿಳಿಯಲ್ವಾ ಅವಳಿಗೆ? ನುಂಗು."

ಇಂಥ ನ್ಯಾಯಕ್ಕೆ ಯಾವ ಕೋರ್ಟಿನಲ್ಲೂ ಎದುರುವಾದವಿಲ್ಲ. ಸೀತಾರಾಮಪ್ಪ ಅಕ್ಕನ ಕಾಲು ಮುಟ್ಟಿ ನುಂಗಿದ.

ಅವನು ಕೈ ತೊಳೆಯಲು ಶಾಮಿಯಾನದ ಹಿಂದೆ ಹೋದಾಗ ಮಂಜುನಾಥಪ್ಪ ಮೊಣಕೈ ಹಿಡಿದೆಳೆದ. ಕನ್ನಮ್ಮನ ಕೂಗು ಅವನ ಅಂಗಡಿಯವರೆಗೂ ಕೇಳಿತ್ತು. ಮುಖ ಹುಳಿ ಮಜ್ಜಿಗೆಯಂತಾಗಿತ್ತು.

"ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ನನ್ ಹೆಸ್ರು ಹೇಳ್ಬೇಡ ಮಾರಾಯಾ. ತಗೋ. ನಾನೂ ದಿನಾ ನುಂಗೋದು ಇದನ್ನೇ."

"ನೀವೂ ಬಿಪಿ ಮಾತ್ರೆ ನುಂಗ್ತೀರಾ? ಮತ್ತೆ ಊರು ಬಂದ್ಮೇಲೆ ಬಸ್ಸು..."

"ನನ್ನೂರು ಇನ್ನೂ ಬಂದಿಲ್ಲ. ನುಂಗು, ಯಾರಾದ್ರೂ ಬಂದಾರು!"

ಅಕ್ಕನದು ಆಗಲೇ ಹೊಟ್ಟೆಯಲ್ಲಿದೆ ಎಂದು ಹೇಳಬೇಕೆನಿಸಿತು. ಆದರೆ ಕೊಟ್ಟವರ ಕೈಯನ್ನು ತಳ್ಳುವುದು ಹೇಗೆ? ತನ್ನ ಮಾತ್ರೆಯನ್ನೇ ಬಿಟ್ಟುಕೊಡುವ ನೆರೆಯವರು ಯಾವ ಊರಲ್ಲಿ ಸಿಗುತ್ತಾರೆ? ಕಣ್ಣು ತುಂಬಿ ಬಂತು. ನುಂಗಿದ.

ಪೂಜೆಗೆ ಬಂದ ಭಟ್ಟರು ಎಲ್ಲರೆದುರು ಸೀತಾರಾಮಪ್ಪನ ಬೆನ್ನು ಚಪ್ಪರಿಸಿ, "ನೋಡಿ, ವಿಶ್ವಾಸ ಅಂದ್ರೆ ಇದು! ಈಗಿನವು ಮಾತ್ರೆ ಮಾತ್ರೆ ಅಂತ ಸಾಯ್ತ" ಎಂದು ಭಾಷಣವನ್ನೇ ಮಾಡಿದರು. ಆಮೇಲೆ ತೀರ್ಥ ಕೊಡುವ ನೆವದಲ್ಲಿ ಹತ್ತಿರ ಕರೆದು, ಅವನ ಅಂಗೈಯಲ್ಲಿ ತುಳಸಿ ಎಲೆಯ ಕೆಳಗೆ ಬೆಳ್ಳಗಿನದೊಂದನ್ನು ಅಡಗಿಸಿಟ್ಟರು.

"ಎಂತದು ಭಟ್ರೇ ಇದು?"

"ಪ್ರಸಾದ ಅಂತ ತಿಳ್ಕ. ನಂದೇ. ಮಾತಾಡ್ಬೇಡ, ನುಂಗು" ಎಂದು ಪಿಸುಗುಟ್ಟಿ, ತಕ್ಷಣ ದೊಡ್ಡ ದನಿಯಲ್ಲಿ ಮಂತ್ರ ಹೇಳತೊಡಗಿದರು.

ಪ್ರಸಾದವನ್ನು ಬೇಡ ಎನ್ನುವುದುಂಟೇ?

ಮಂಗಳಾರತಿಯ ಹೊತ್ತಿಗೆ ಸೀತಾರಾಮಪ್ಪನ ಹೃದಯದ ದಡಬಡ ನಿಂತಿತ್ತು. ಆಹಾ, ಗುಣವಾಯಿತು ಎಂದುಕೊಂಡ. ಕೈಕಾಲು ಹಿಮದಂತೆ ತಣ್ಣಗಾದವು. ಗಂಗೆಯ ತಂಪು ಎಂದುಕೊಂಡ. ಕಣ್ಣಿಗೆ ಒಂದು ದೀಪ ಮೂರಾಗಿ ಕಂಡಿತು. ಸಾಕ್ಷಾತ್ಕಾರವಿರಬೇಕು ಎಂದುಕೊಂಡ. ಅಕ್ಕ, ನೆರೆಯವರು, ಭಟ್ಟರು, ಗಂಗಮ್ಮ, ಎಲ್ಲರ ಋಣವೂ ನೆನಪಾಗಿ ತಂಬಿಗೆಯ ಮುಂದೆ ಉದ್ದಂಡ ನಮಸ್ಕಾರ ಹಾಕಿದ. ಎದ್ದು ನಿಂತ. ನಿಂತವನು ಮತ್ತೆ ಉದ್ದಕ್ಕೆ ಹೋದ.

"ಎರಡ್ನೇ ನಮಸ್ಕಾರ ಹಾಕ್ತಿದಾನೆ" ಎಂದರು ಯಾರೋ.

ಮಲಗಿದವನು ಏಳಲಿಲ್ಲ.

"ಎಂಥಾ ಭಕ್ತಿ ನೋಡಿ" ಎಂದು ಭಟ್ಟರ ದನಿ ಗದ್ಗದವಾಯಿತು. ಕನ್ನಮ್ಮ ಕಣ್ಣೊರೆಸಿಕೊಂಡಳು. ಒಬ್ಬ ಫೋನಿನಲ್ಲಿ ವಿಡಿಯೋ ಮಾಡಿಕೊಂಡ. ಜನರೆಲ್ಲ ಕೈಮುಗಿದು ನಿಂತು ಒಬ್ಬ ಮನುಷ್ಯ ಮೂರ್ಛೆ ಹೋದದ್ದನ್ನು ಭಕ್ತಿಯಿಂದ ನೋಡುತ್ತಿದ್ದರು.

ಪಾಯಸದ ಸೌಟು ಹಿಡಿದು ಹೊರಗೆ ಬಂದ ಗುತ್ಯಮ್ಮನಿಗೆ ಮಾತ್ರ ತನ್ನ ಗಂಡ ಇಷ್ಟು ಹೊತ್ತು ದೇವರ ಮುಂದೆ ಬಾಯಿ ಮುಚ್ಚಿಕೊಂಡಿರುವ ಆಸಾಮಿಯಲ್ಲ ಎಂದು ಗೊತ್ತಿತ್ತು. ಹೊರಳಿಸಿ ನೋಡಿದಳು. ಹಣೆಯಲ್ಲಿ ತಣ್ಣನೆ ಬೆವರು.

"ಭಕ್ತಿಯಂತೆ ಭಕ್ತಿ! ಎತ್ರೋ!" ಎಂದು ಕಿರುಚಿದಳು.

ಹೊಸನಗರದ ಬಸ್ಸು ಹೊರಡಲು ನಿಂತಿತ್ತು. ಏಜೆಂಟನನ್ನೇ ಹೊತ್ತು ತಂದದ್ದು ಕಂಡು ಡ್ರೈವರ್ ಬೇರೆ ಮಾತಾಡದೆ ಸ್ಟಾರ್ಟ್ ಮಾಡಿದ. ದಾರಿಯ ಒಂದು ಸ್ಟಾಪಿನಲ್ಲೂ ನಿಲ್ಲಿಸಲಿಲ್ಲ. ಇಳಿಯಬೇಕಾದ ಊರು ಹಿಂದಾದರೂ ಒಬ್ಬ ಪ್ರಯಾಣಿಕನೂ ಗೊಣಗಲಿಲ್ಲ. ಒಬ್ಬಾಕೆ ತನ್ನ ಸೀಟು ಬಿಟ್ಟುಕೊಟ್ಟು ಅವನ ಕಾಲನ್ನು ಮಡಿಲಿನಲ್ಲಿಟ್ಟುಕೊಂಡಳು. ಅರೆ ಎಚ್ಚರದಲ್ಲಿದ್ದ ಸೀತಾರಾಮಪ್ಪ, "ಹೊಸನಗ್ರ... ಹೊಸನಗ್ರ... ಸೀಟ್ ಖಾಲಿ ಐತೆ..." ಎಂದು ಕನವರಿಸುತ್ತಿದ್ದ. ದೊಡ್ಡವರ ಕಾರುಗಳು ಶಾಮಿಯಾನದ ಪಕ್ಕ ನೆರಳಿನಲ್ಲಿ ನಿಂತೇ ಇದ್ದವು ಎಂಬುದು ಬೇರೆ ಮಾತು.

ಅವನಿಗೆ ಹೃದಯದ ಮಾತ್ರೆ ಬರೆದುಕೊಡುತ್ತಿದ್ದ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ವಿನಯಾ ನಾಡಿ ಹಿಡಿದವಳೇ ಹುಬ್ಬು ಗಂಟಿಕ್ಕಿದಳು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒಂದು ಬಸ್ಸು ಬಂದು ಹೋಗುವಷ್ಟು ಅಂತರ. ಬಿಪಿ ನೆಲಕಚ್ಚಿತ್ತು. ಇಸಿಜಿ ಮಾಡಿಸಿ, ಸೂಜಿ ಚುಚ್ಚಿ, ಡ್ರಿಪ್ ಹಾಕಿ, ಕಾಲೆತ್ತರಿಸಿ ಮಲಗಿಸಿದಳು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು. ಸೀತಾರಾಮಪ್ಪ ಕಣ್ಣು ಬಿಟ್ಟು, ಮಲಗಿದಲ್ಲೇ ಕೈಮುಗಿದ.

"ಇವತ್ತು ಏನೇನು ಮಾತ್ರೆ ತಗೊಂಡಿದೀರಿ?" ಎಂದು ಕೇಳಿದಳು.

ಅವನು ಮಾಡಿನ ಫ್ಯಾನ್ ನೋಡಿದ. ಕೊಟ್ಟವರ ಹೆಸರು ಹೇಳಿದರೆ ಉಪಕಾರಕ್ಕೆ ಅಪಚಾರ.

"ಹೇಳದಿದ್ರೆ ನಾನು ಏನಂತ ಔಷಧಿ ಮಾಡ್ಲಿ? ಪೊಲೀಸರಲ್ಲ ನಾನು."

ಮಂಚದ ಬುಡದಲ್ಲಿದ್ದ ಕನ್ನಮ್ಮ ಅಳುತ್ತ ಸೊಂಟದ ಚೀಲ ಬಿಚ್ಚಿದಳು. "ಕಾಶೀಲಿ ಮಾತ್ರೆ ಬಿಟ್ಟು ವಾರ ಆಗಿತ್ತಲ್ಲ, ಅದ್ಕೇ ನಂದೊಂದು ಕೊಟ್ಟೆ ಅಮ್ಮಾ."

ಮಂಜುನಾಥಪ್ಪ ಕೆಮ್ಮಿದ. "ನಂದೂ ಒಂದು."

ಭಟ್ಟರು ಕಿಟಕಿಯಾಚೆ ನೋಡುತ್ತಿದ್ದರು. ಗುತ್ಯಮ್ಮ ಅವರನ್ನೇ ನೋಡಿದಳು. ಕೊನೆಗೆ ಅವರ ಜುಬ್ಬಾದ ಜೇಬಿನಿಂದಲೂ ಒಂದು ಪಟ್ಟಿ ಹೊರಬಂತು.

"ಭಟ್ರೇ! ನೀವೂನಾ?" ಎಂದ ಮಂಜುನಾಥಪ್ಪ, ಹೊರೆ ಇಳಿದವನಂತೆ.

ಡಾಕ್ಟರ್ ಮೂರು ಪಟ್ಟಿಗಳನ್ನೂ ಮೇಜಿನ ಮೇಲೆ ಹರಡಿದಳು. "ಎರಡು ಇವರು ನುಂಗ್ತಿದ್ದ ಬಗೆಯವೇ. ಇನ್ನೊಂದು ಬೇರೆ, ಆದ್ರೆ ಅದೂ ಬಿಪಿ ಇಳಿಸೋದೇ. ಒಬ್ಬರಿಗೆ ಬರೆದ ಮಾತ್ರೆ ಇನ್ನೊಬ್ಬರಿಗೆ ಕೊಡೋದು ಯಾವ ಊರ ಪದ್ಧತಿ? ಇವರಿಗೆ ಉಬ್ಬಸ ಗಿಬ್ಬಸ ಇದ್ದಿದ್ರೆ ಉಸಿರೇ ಕಟ್ತಿತ್ತು." ಸೀತಾರಾಮಪ್ಪನ ಕಡೆ ತಿರುಗಿದಳು. "ನೀವು ಬಸ್ಸಿನವರಲ್ವಾ? ಈ ಮಾತ್ರೆ ಹೃದಯಕ್ಕೆ ಬ್ರೇಕಿದ್ದ ಹಾಗೆ. ಬಿಪಿ ಸರಿಯಾಗಿದೆ ಅಂದ್ರೆ ಊರು ಬಂತು ಅಂತಲ್ಲ, ಬ್ರೇಕ್ ಸರಿಯಾಗಿ ಹಿಡೀತಿದೆ ಅಂತ. ಹುಲಿಕಲ್ ಘಾಟಿಯ ನಡುವೆ ಬ್ರೇಕ್ ಕಿತ್ತು ಎಸೀತೀರಾ? ಹಾಗಂತ ಮೂರು ಬ್ರೇಕ್ ಒಟ್ಟಿಗೆ ಒತ್ತಿದ್ರೆ ಬಸ್ಸು ನಿಂತೇ ಹೋಗುತ್ತೆ. ಬಿಡೋದಿದ್ರೆ ನಮ್ಮನ್ನ ಕೇಳಿ, ನಾವು ದಿನದಿನಕ್ಕೂ ಕಮ್ಮಿ ಮಾಡ್ತಾ ಬಿಡಿಸ್ತೀವಿ. ಒಂದು ಹೊತ್ತು ಮರೆತ್ರೆ ಮಾರನೇ ದಿನ ಎರಡು ನುಂಗಬಾರದು."

ಡ್ರೈವರು ಬಾಗಿಲ ಬಳಿಯಿಂದಲೇ, "ಹೌದು, ಬ್ರೇಕ್ ವಿಷ್ಯದಲ್ಲಿ ಕೈ ಹಾಕ್ಬಾರ್ದು" ಎಂದು ತಲೆಯಾಡಿಸಿದ.

"ಆದ್ರೆ ಒಂದು ಅರ್ಥ ಆಗ್ತಿಲ್ಲ," ಎಂದಳು ಡಾಕ್ಟರ್. "ಈ ಮಾತ್ರೆ ಗಕ್ಕಂತ ನಿಲ್ಲಿಸಿದ್ರೆ ವಾರದಲ್ಲಿ ಎದೆ ಹಾರಬೇಕಿತ್ತು, ಬಿಪಿ ಏರಬೇಕಿತ್ತು, ನಿಮ್ಮಂಥ ಹೃದಯಕ್ಕೆ ಅಪಾಯವೇ ಆಗಬೇಕಿತ್ತು. ನಿಮಗೇನೂ ಆಗಿಲ್ಲ. ನೀವು ಮಾತ್ರೆ ಬಿಟ್ಟಿಲ್ಲ."

"ಗಂಗಮ್ಮನಾಣೆ ಬಿಟ್ಟಿದೀನಿ!"

"ಬಿಟ್ಟಿಲ್ಲ" ಎಂದಳು ಗುತ್ಯಮ್ಮ.

ಎಲ್ಲರೂ ತಿರುಗಿದರು.

"ದಿನಾ ಕವಳದ ಜೊತೆ ಕುಟ್ಟಾಣಿಲಿ ಹಾಕಿ ಕುಟ್ಟಿ ಕೊಡ್ತಿದೀನಿ ಡಾಕ್ಟ್ರಮ್ಮಾ. ಕಾಶೀಲೂ ಕೊಟ್ಟೆ, ರೈಲಲ್ಲೂ ಕೊಟ್ಟೆ, ಇವತ್ತು ಬೆಳಿಗ್ಗೆನೂ ಕೊಟ್ಟೆ. ಹೊಗೆಸೊಪ್ಪಿನ ಖಾರದಲ್ಲಿ ಕಹಿ ಯಾರಿಗೆ ಗೊತ್ತಾಗುತ್ತೆ?"

ಮಂಜುನಾಥಪ್ಪನ ಐಡಿಯಾ, ಭಟ್ಟರ ಮಹಿಮೆ, ಎರಡೂ ಒಂದೇ ಏಟಿಗೆ ಕುಟ್ಟಾಣಿಯಲ್ಲಿ ಪುಡಿಯಾದವು.

ಸೀತಾರಾಮಪ್ಪನಿಗೆ ಹೊಳೆದದ್ದು ಬೇರೆಯೇ. "ಹಂಗಾರೆ ಆವತ್ತು ಗಂಗೇಲಿ ಗುಳುಂ ಅಂದಿದ್ದೇನೇ?"

"ನಿಮ್ಮ ಸುಣ್ಣದ ಡಬ್ಬಿ."

ಎದೆಗೆ ಕೈಯಿಟ್ಟುಕೊಂಡ. ನಾಡಿ ನಲವತ್ತಕ್ಕಿಳಿದಾಗಲೂ ಆಗದ ನೋವು ಈಗ ಆಯಿತು.

ಡಾಕ್ಟರ್ ಗುತ್ಯಮ್ಮನನ್ನೂ ಬಿಡಲಿಲ್ಲ. "ತಪ್ಪು ಮಾಡಿದೀರಿ. ಈ ಮಾತ್ರೆ ಹೊಟ್ಟೇಲಿ ದಿನವಿಡೀ ನಿಧಾನಕ್ಕೆ ಕರಗಬೇಕು. ಕುಟ್ಟಿದ್ರೆ ಇಡೀ ದಿನದ್ದು ಒಂದೇ ಸಲ ಮೈಗೆ ಸೇರುತ್ತೆ. ತಿನ್ನೋರಿಗೆ ಗೊತ್ತಿಲ್ಲದೆ ಕೊಟ್ರೆ ಹಿಂಗೇ ಆಗೋದು, ಮೇಲಿಂದ ಮೇಲೆ ನುಂಗ್ತಾರೆ. ಅವತ್ತೇ ನನಗೊಂದು ಫೋನ್ ಮಾಡಬೇಕಿತ್ತು." ಆಮೇಲೆ ದನಿ ಮೆತ್ತಗಾಯಿತು. "ಆದ್ರೂ ಹೇಳ್ತೀನಿ ಸೀತಾರಾಮಪ್ಪ, ಅಷ್ಟು ದಿನ ಅದು ನಿಲ್ಲದೆ ಇದ್ದಿದ್ದಕ್ಕೇ ನೀವು ಕಾಶಿಯಿಂದ ಕಾಲಮೇಲೆ ವಾಪಸ್ ಬಂದಿದ್ದು. ಎಲ್ಲರಿಗೂ ಕೈಮುಗೀತೀರಲ್ಲ, ಇವರಿಗೆ ಯಾವತ್ತಾದ್ರೂ ಮುಗಿದಿದೀರಾ?"

ಸೀತಾರಾಮಪ್ಪ ಯೋಚಿಸಿದ. ಬಸ್ಸಿನ ಡ್ರೈವರಿಗೆ ಮುಗಿದಿದ್ದ, ಗಂಗೆಗೆ ಮುಗಿದಿದ್ದ, ಪ್ಲಾಟ್‌ಫಾರ್ಮಿನಲ್ಲಿ ಟೀ ಮಾರುವವನಿಗೂ ಮುಗಿದಿದ್ದ. ಡ್ರಿಪ್ ಸೂಜಿ ಚುಚ್ಚಿದ್ದ ಕೈಯನ್ನು ಮೆಲ್ಲಗೆ ಎತ್ತಿ, ಇನ್ನೊಂದು ಕೈಗೆ ಸೇರಿಸಿ, ಹೆಂಡತಿಗೆ ಮುಗಿದ. ಗುತ್ಯಮ್ಮ ಮುಖ ಅತ್ತ ತಿರುಗಿಸಿ, "ಸೂಜಿ ಕಿತ್ತೋದಾತು, ಕೈ ಕೆಳಗಿಡಿ" ಎಂದಳು.

ಭಟ್ಟರಿಗೆ ಮಾತ್ರ ಶಾಸ್ತ್ರದ ಚಿಂತೆ. "ಹಾಗಾದ್ರೆ ಇವ ಕಾಶಿಲಿ ಬಿಟ್ಟದ್ದು ಬಿಟ್ಟ ಹಾಗೆ ಆಗ್ಲೇ ಇಲ್ಲ. ಬೇರೆ ಎಂತಾದ್ರೂ ಬಿಡ್ಬೇಕು."

"ಬಿಡಲಿ, ಕವಳ," ಎಂದಳು ಡಾಕ್ಟರ್. "ಆ ಹೊಗೆಸೊಪ್ಪು ಹೃದಯಕ್ಕೆ ಮೊದಲ ಶತ್ರು. ಇವತ್ತೇ ಬಿಡಲಿ."

"ಶಾಸ್ತ್ರಕ್ಕೂ ಸರಿ ಆತು" ಎಂದು ಭಟ್ಟರು ನಿರಾಳರಾದರು. ಒಂದು ರಾತ್ರಿ ಆಸ್ಪತ್ರೆಯಲ್ಲೇ ಇರಬೇಕೆಂದು ಡಾಕ್ಟರ್ ಹೇಳಿದಾಗ, ಶಾಮಿಯಾನದಲ್ಲಿ ಊಟದ ಎಲೆ ಹಾಕಿರುವುದು ಎಲ್ಲರಿಗೂ ಒಟ್ಟಿಗೆ ನೆನಪಾಯಿತು. ಪಾಯಸ ಆರಿಹೋದರೆ ಗಂಗಮ್ಮನಿಗೆ ಬೇಸರವಾದೀತೆಂದು ಅದೇ ಬಸ್ಸಿನಲ್ಲಿ ವಾಪಸಾದರು.

ಸಂಜೆಯಾಯಿತು. ಸೀತಾರಾಮಪ್ಪನ ಮುಂದೆ ಉಪ್ಪು ಕಮ್ಮಿಯ ಗಂಜಿ ಇತ್ತು. ಆದರೂ ಅವನ ಮನಸ್ಸು ತುಂಬಿತ್ತು. ನಾಡಿ ಸರಿಯಾಗಿ ಓಡುತ್ತಿದೆ, ಪಕ್ಕದಲ್ಲಿ ಹೆಂಡತಿ ಕೂತಿದ್ದಾಳೆ, ನಾಳೆ ಬೆಳಕು ಹರಿಯುತ್ತದೆ. ಇನ್ನೇನು ಬೇಕು? ಯೋಚಿಸಿದಾಗ ಒಂದು ಬೇಕಿತ್ತು.

"ಗುತ್ಯಮ್ಮ," ಎಂದ ಮೆಲ್ಲಗೆ. "ಒಂದೇ ಒಂದು. ಹೊಗೆಸೊಪ್ಪು ಬೇಡ. ಎಲೆಗೆ ಚೂರು ಸುಣ್ಣ ಸವರಿ ಕಟ್ಟಿಕೊಡು. ಇದೇ ಕೊನೇದು."

"ಆಗಲ್ಲ."

ಆ ಪದ ಅವಳ ಬಾಯಲ್ಲಿ ಕೇಳಿ ಅವನಿಗೆ ಅಭ್ಯಾಸವಿರಲಿಲ್ಲ. "ಏನಂದೆ?"

"ಆಗಲ್ಲ ಅಂದೆ. ಮಾತ್ರೆ ಅಡಗ್ಸೋಕೆ ಕವಳ ಬೇಕಿತ್ತು, ಕುಟ್ಟಿದೆ. ನಾಳೆಯಿಂದ ಮಾತ್ರೆನ ಎಲ್ಲರೆದುರು ನೀರಲ್ಲಿ ನುಂಗ್ತೀರಿ. ಇನ್ಯಾಕೆ ಕವಳ?"

"ಕಟ್ಟಿದ ಗಂಡ ಹೇಳ್ತಿದೀನಿ ಕಣೇ!"

ಗುತ್ಯಮ್ಮ ಗಂಜಿಯ ಲೋಟ ಅವನ ಕೈಗಿಟ್ಟಳು. "ಕಾಶೀಲಿ ನಾನೇನು ಬಿಟ್ಟೆ ಅಂತ ಕೇಳ್ದೋರಿಗೆ ನೀವೇ ಉತ್ರ ಹೇಳಿದ್ರಿ. ಹಾಗಲಕಾಯಿ ಅಲ್ಲ."

"ಮತ್ತೇನು?"

"ನೀವು ಹೇಳಿದ್ದಕ್ಕೆಲ್ಲ ಹ್ಞೂಂ ಅನ್ನೋದನ್ನ."

ಸೀತಾರಾಮಪ್ಪ ತಬ್ಬಿಬ್ಬಾದ. "ಸುಳ್ಳು! ಆವತ್ತು ಘಾಟಲ್ಲಿ ಗಂಗೆಗೆ ಹಾಕು ಅಂದಾಗ ಹ್ಞೂಂ ಅಂದ್ಯಲ್ಲ?"

"ಅದೇ ಕೊನೇದು. ಅದನ್ನೂ ಡಬ್ಬಿ ಜೊತೆನೇ ಎಸೆದೆ."

ಗಂಗೆಯಲ್ಲಿ ಬಿಟ್ಟದ್ದನ್ನು ಮತ್ತೆ ಹಿಡಿಯುವಂತಿಲ್ಲ ಎಂದು ಗೊತ್ತಿದ್ದೂ, ಅವನು ಕೊನೆಯ ಸಲ ಅಂಗೈ ಚಾಚಿದ.

"ಕಟ್ಟಿಕೊಡೇ."

"ಕಟ್ಟಲ್ಲ" ಎಂದಳು ಗುತ್ಯಮ್ಮ.